‘ತಾಂತ್ರಿಕ ಕಾರಣ’ಕ್ಕೆ ತಲೆಬಾಗದ ದೊಡ್ಡಕ್ಕ

ಸರ್ವರುಗಳನ್ನು ಕೆಡಿಸಬಲ್ಲವರು ಲೋಕದಲ್ಲಿ ಕೋಟ್ಯಂತರ ಮಂದಿ. ಕೆಟ್ಟದ್ದನ್ನು ಸರಿಪಡಿಸಬಲ್ಲವರು ಸಾವಿರಾರು ಮಂದಿ. ಆದರೆ ಕೆಟ್ಟಿತೆಂದು ಎಲ್ಲರೂ ಡಂಗುರ ಸಾರಿದ ಯಂತ್ರದ ಪಕ್ಕದಲ್ಲಿ ನಿಂತು, ‘ಕೆಟ್ಟಿರೋದು ಇದಲ್ಲ, ನಿಮ್ಮ ಬುದ್ಧಿ’ ಎಂದು ಮುಖಕ್ಕೆ ಹೇಳಬಲ್ಲವರು ಒಬ್ಬರೇ ಒಬ್ಬರು. ಆ ಒಬ್ಬರು ಈ ತಿಂಗಳು ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾಗುತ್ತಿದ್ದಾರೆ. ಸರ್ವರುಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶ ಬಲ್ಲವರ ನಡುವೆ ಅವರ ಸ್ಥಾನವೇನೆಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು: ಅವರು ಕೀಲಿಮಣೆಯ ಮುಂದೆ ಕೂತರೆ ಸರ್ವರುಗಳ ಫ್ಯಾನುಗಳು ತಾವಾಗಿ ದನಿ ತಗ್ಗಿಸುತ್ತಿದ್ದವು. ನಂಬಿಕೆ ಬಾರದವರು ಸಹೋದ್ಯೋಗಿಗಳನ್ನು ವಿಚಾರಿಸಬಹುದು. ಹಾಗೆಯೇ ಹೇಳಬೇಕೆಂದು ಅವರೊಂದಿಗೆ ಮೊದಲೇ ಮಾತಾಗಿದೆ.

ಅವರು ಸೇವೆಗೆ ಸೇರಿದಾಗ ನಮ್ಮ ಸರ್ವರ್ ಕೋಣೆಯೆಂದರೆ ಔಷಧದ ಖಾಲಿ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದ ಉಗ್ರಾಣದ ಒಂದು ಮೂಲೆ. ಕೇಬಲ್ ಎಳೆಯುವಾತ ಮೊದಲ ದಿನವೇ ಅವರನ್ನು ಅಕ್ಕ ಎಂದ. ಅವರ ಸಿಟ್ಟನ್ನು ಕಂಡ ಮೇಲೆ ದೊಡ್ಡಕ್ಕ ಎಂದ. ವರ್ಷ ತುಂಬುವುದರೊಳಗೆ ಅವರಿಗಿಂತ ಹಿರಿಯರಾದ ಶಸ್ತ್ರಚಿಕಿತ್ಸಕರ ಬಾಯಲ್ಲೂ ಅದೇ ಹೆಸರು. ಅದೇ ಕೇಬಲ್ಲಿನಾತನಿಗೆ ಸೊಂಟ ಹಿಡಿದಾಗ ತಮ್ಮ ಮೆತ್ತನೆಯ ಕುರ್ಚಿಯನ್ನು ಅವನಿಗೆ ಕೊಟ್ಟು, ತಾವು ಹಳೆಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು ಇಡೀ ಬೇಸಿಗೆ ಕೆಲಸ ಮಾಡಿದರು. ಪ್ರಯೋಗಾಲಯದ ಸಹಾಯಕಿ ಮಗುವಿಗೆ ಜ್ವರವೆಂದು ಅರ್ಧಕ್ಕೆ ಎದ್ದು ಹೋದಾಗ ಆಕೆಯ ಪಾಲಿನ ಕೆಲಸವನ್ನೂ ಮುಗಿಸಿ, ಮರುದಿನ ‘ನೀನೇ ಮಾಡಿ ಹೋಗಿದ್ದೆ, ಮರೆತಿದ್ದೀಯ’ ಎಂದು ಸಾಧಿಸಿದರು.

ಇನ್ನು ಆ ಪ್ರಸಂಗ. ಅದನ್ನು ಬಿಡುವುದು ಒಳಿತೆಂದು ಈ ಅಭಿನಂದನಾ ಸಂಪುಟದ ಸಂಪಾದಕರು ನಯವಾಗಿ ಸೂಚಿಸಿದ್ದರು. ನಾವೂ ನಯವಾಗಿಯೇ ಬರೆಯುತ್ತಿದ್ದೇವೆ.

ಸರ್ವರುಗಳ ನೆಟ್‌ವರ್ಕ್ ಕಾರ್ಡುಗಳು ಆಗಾಗ ಸಂಪರ್ಕ ಕಡಿದುಕೊಳ್ಳುತ್ತಿದ್ದವು. ಅವುಗಳ ಫರ್ಮ್‌ವೇರನ್ನು, ಅಂದರೆ ತಯಾರಕರೇ ಕಾರ್ಡಿನ ಹೊಟ್ಟೆಯೊಳಗೆ ಕೂರಿಸಿಟ್ಟ ಪುಟ್ಟ ತಂತ್ರಾಂಶವನ್ನು, ಹೊಸದಾಗಿಸಬೇಕಿತ್ತು. ಪ್ರಯೋಗಾಲಯದ ವರದಿಗಳನ್ನು ಒಂದು ಬೆಳಗಿನ ಮಟ್ಟಿಗೆ ನಿಲ್ಲಿಸಿ, ವಿಭಾಗದ ಎಂಜಿನಿಯರ್ ಆ ಕೆಲಸಕ್ಕೆ ಕೈಹಾಕಿದರು. ಆಕೆಯ ಗಾತ್ರ ನೋಡಿ ನಾವೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದೆವು. ಒಂದೊಂದು ಯಂತ್ರವೂ ಪರದೆಯ ಮೇಲೆ ‘ವಿಫಲ’ ಎಂದಿತು. ಏಕೆಂದು ಒಂದೂ ಹೇಳಲಿಲ್ಲ. ಕೆಳಗೆ ವರದಿಗಾಗಿ ಕಾದ ರೋಗಿಗಳ ಸಾಲು ಮೆಟ್ಟಿಲಿಳಿದು, ಗೇಟು ದಾಟಿ, ಪಕ್ಕದ ಬೀದಿಯವರೆಗೂ ಬೆಳೆದಿತ್ತು.

ಯಂತ್ರ ಮಾರಿದ ಕಂಪನಿಯಿಂದ ಕೋಟು ತೊಟ್ಟವರೊಬ್ಬರು ಬಂದರು. ಒಂದು ಸರ್ವರಿನ ಮುಚ್ಚಳವನ್ನೂ ಎತ್ತದೆ, ಒಂದು ಕಮಾಂಡನ್ನೂ ಕೊಡದೆ, ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: “ಅಪ್ಡೇಟ್ ನಡುವೆ ಕರೆಂಟ್ ತೆಗೆದಿದ್ದಾರೆ. ಕಾರ್ಡೆಲ್ಲ ಹೋಗಿವೆ.” ವಿಭಾಗದ ಮುಖ್ಯಸ್ಥರಿಗೆ ಅಷ್ಟೇ ಬೇಕಿತ್ತು. ಸಂಜೆಯೊಳಗೆ ಸಭಾಂಗಣದಲ್ಲಿ ಇಡೀ ಸಿಬ್ಬಂದಿಯನ್ನು ಸೇರಿಸಿ, ಕರ್ತವ್ಯದಲ್ಲಿ ಘೋರ ಅಲಕ್ಷ್ಯ ತೋರಿದ ಈಕೆಯನ್ನು ಕೆಲಸದಿಂದ ಏಕೆ ತೆಗೆಯಬಾರದೆಂಬ ನೋಟಿಸನ್ನು ಗಟ್ಟಿಯಾಗಿ ಓದಿದರು. ಕಳ್ಳನಿಗೂ ಒಂದು ವಿಚಾರಣೆಯಿರುತ್ತದೆ. ಗುಬ್ಬಿಗೆ ಮೈಕು ಮಾತ್ರ ಸಿಕ್ಕಿತು, ಅದೂ ಎದುರಿನವರ ಕೈಯಲ್ಲಿ!

ತಂಗಿಯ ಹೆರಿಗೆಗೆಂದು ರಜೆಯಲ್ಲಿದ್ದ ದೊಡ್ಡಕ್ಕ ಮರುದಿನ ಬೆಳಿಗ್ಗೆ ಬಂದರು. ಅವರು ಮೆಟ್ಟಿಲೇರಿದ ರಭಸಕ್ಕೆ ಮೂರನೆಯ ಮಹಡಿಯ ಕಿಟಕಿಗಾಜು ನಡುಗಿತಂತೆ.

“ದೊಡ್ಡಕ್ಕಾ, ನಾನು ಸ್ವಿಚ್ ಮುಟ್ಟೇ ಇಲ್ಲ.”

“ಗೊತ್ತು ಕಣೇ. ಅಳೋದೇನಿದ್ರೂ ಆಮೇಲೆ. ಏನೇನು ಮಾಡಿದೆ, ಒಂದೊಂದಾಗಿ ಹೇಳು.”

ಮೊದಲು ಕಾರ್ಡುಗಳನ್ನು ನೋಡಿದರು. ಎಲ್ಲವೂ ಹಳೆಯ ಫರ್ಮ್‌ವೇರಿನಲ್ಲಿ ಗುಂಡುಕಲ್ಲಿನಂತಿದ್ದವು, ಒಂದಕ್ಷರವೂ ಬದಲಾಗಿರಲಿಲ್ಲ. “ಬರೆಯೋಕೆ ಶುರುವೇ ಆಗಿಲ್ಲ, ಇವರಿಗೆ ‘ನಡುವೆ’ ಎಲ್ಲಿಂದ ಸಿಕ್ತು?” ಎಂದು ಹಲ್ಲು ಕಡಿದರು. ಕಂಪನಿಯ ತಾಣದಿಂದ ಇಳಿಸಿಕೊಂಡ ಅಪ್ಡೇಟ್ ಪ್ಯಾಕೇಜು ಇದೇ ಮಾದರಿಯ ಕಾರ್ಡಿನದು, ಪೂರ್ತಿಯಾಗಿಯೇ ಇಳಿದಿತ್ತು. ಯಂತ್ರದ ಆಗುಹೋಗು ಕಾಯುವ ಉಸ್ತುವಾರಿ ಚಿಪ್ ಮುನಿಸಿಕೊಂಡಿರಬೇಕೆಂದು ಅದನ್ನು ಮರುಚಾಲನೆ ಮಾಡಿದರು. ಅಲ್ಲಿ ಅವರ ಲೆಕ್ಕ ತಪ್ಪಿತು, ಪರದೆಯ ಮೇಲೆ ಮತ್ತದೇ ‘ವಿಫಲ’. ಕಡೆಗೆ ಪ್ಯಾಕೇಜನ್ನು ಅದು ಬಿಚ್ಚಿಕೊಳ್ಳುವ ಜಾಗದಲ್ಲೇ ಕೈಯಾರೆ ಬಿಚ್ಚಿ, ಒಳಗಿದ್ದ ಪ್ರೋಗ್ರಾಮನ್ನು ನೇರವಾಗಿ ಓಡಿಸಿದರು. ಆಗ ಯಂತ್ರ ಬಾಯಿಬಿಟ್ಟಿತು: ಅನುಮತಿ ಇಲ್ಲ.

ಅನುಮತಿ ಇಲ್ಲದ್ದು ಯಾರಿಗೆ? ಲಿನಕ್ಸಿನಲ್ಲಿ ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರರಿಗೆ!

“ಮನೆ ಯಜಮಾನಿಯನ್ನೇ ಒಳಗೆ ಬಿಡಲ್ಲ ಅಂದ್ರೆ, ಬೀಗ ಹಾಕಿದ ಮಹಾನುಭಾವ ಯಾರೇ?”

ಆ ಪ್ಯಾಕೇಜು ತನ್ನ ಗಂಟನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಂಡು, ಅಲ್ಲಿಂದಲೇ ಓಡಬೇಕಾದ್ದು. ಆ ಫೋಲ್ಡರಿನಿಂದ ಯಾವ ಪ್ರೋಗ್ರಾಮೂ ಓಡಕೂಡದೆಂದು ಹಿಂದಿನ ವಾರವಷ್ಟೇ ನಿರ್ಬಂಧ ಬಿದ್ದಿತ್ತು. ಭದ್ರತೆಯ ಹೆಸರಿನಲ್ಲಿ ಅದನ್ನು ಹಾಕಿಸಿದವರು ಸ್ವತಃ ಮುಖ್ಯಸ್ಥರು. ಹಾಕಿಸಿದ್ದನ್ನು ವಿಭಾಗದ ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ದೊಡ್ಡಕ್ಕ ಮುಖ್ಯಸ್ಥರನ್ನೂ ಕೋಟಿನವರನ್ನೂ ಸರ್ವರ್ ಕೋಣೆಗೆ ಕರೆಸಿದರು. ಕರೆಸಿದರು ಎನ್ನುವುದು ಸೌಜನ್ಯದ ಮಾತು. ಗುಬ್ಬಿಯ ಕೈಯಿಂದಲೇ, ಗಂಟು ಬಿಚ್ಚಲು ಬೇರೊಂದು ಫೋಲ್ಡರನ್ನು ತೋರಿಸಿ, ಅದೇ ಪ್ಯಾಕೇಜನ್ನು ಅದೇ ಯಂತ್ರದಲ್ಲಿ ಓಡಿಸಿದರು. ಯಂತ್ರ ಮರುಚಾಲನೆಗೊಂಡು ಎದ್ದಾಗ, ‘ಹೋಗಿದ್ದ’ ಕಾರ್ಡು ಹೊಸ ಫರ್ಮ್‌ವೇರನ್ನು ತೋರಿಸಿತು. ಕೋಟಿನವರಿಗೆ ತಟ್ಟನೆ ಇನ್ನೆಲ್ಲೋ ತುರ್ತು ಕೆಲಸ ನೆನಪಾಯಿತು.

ಮುಖ್ಯಸ್ಥರು ಗುಬ್ಬಿಯತ್ತ ಉದಾರವಾಗಿ ನಕ್ಕರು. “ಸರಿ ಬಿಡಮ್ಮ, ನೋಟಿಸ್ ಹಿಂದಕ್ಕೆ ತಗೊಳ್ಳೋಣ. ವರದೀಲಿ ‘ತಾಂತ್ರಿಕ ಕಾರಣಗಳಿಂದ’ ಅಂತ ಒಂದು ಮಾತು ಬರೆದ್ರಾಯ್ತು.”

ಓದುಗರು ಈ ಮಾತನ್ನು ಎಷ್ಟು ಫಲಕಗಳ ಮೇಲೆ ಕಂಡಿಲ್ಲ! ಮಾಡಿದವರ ಹೆಸರು ಮುಚ್ಚಲು ಭಾಷೆಯಲ್ಲಿ ಇದಕ್ಕಿಂತ ದಪ್ಪನೆಯ ಕಂಬಳಿಯಿಲ್ಲ. ದೊಡ್ಡಕ್ಕನ ಮುಖ ಕೆಂಡವಾಯಿತು.

“ನಿನ್ನೆ ತನಕ ತಪ್ಪಿಗೆ ಹೆಸರಿತ್ತು, ಊರಿತ್ತು, ಮೈಕ್ ಕೂಡ ಇತ್ತು. ಇವತ್ತು ತಪ್ಪು ನಿಮ್ಮ ಮೇಜಿಗೆ ಬಂದ ಕೂಡ್ಲೇ ತಾಂತ್ರಿಕ ಆಗ್ಬಿಡ್ತಾ? ನಿರ್ಬಂಧ ಹಾಕಿದ್ದು ತಪ್ಪಲ್ಲ ಸರ್, ಬೇಕಾದ್ದೇ. ಹಾಕಿದ್ದನ್ನ ಹೇಳದೆ ಇದ್ದದ್ದು ತಪ್ಪು. ಇವಳ ಮಾನ ಕಳೆದದ್ದು ಅದಕ್ಕಿಂತ ದೊಡ್ಡ ತಪ್ಪು.”

“ಈಗ ನಾನೇನು ಮಾಡ್ಬೇಕು ಅಂತೀರಿ?”

“ನೋಟಿಸ್ ಎಲ್ಲಿ ಓದಿದ್ರೋ ಅಲ್ಲೇ ನಿಜಾನೂ ಓದಿ. ಇಲ್ಲಾಂದ್ರೆ ನನ್ನ ರಾಜೀನಾಮೆ ತಗೊಳ್ಳಿ. ಉಳಿದ ಸರ್ವರ್‌ಗಳ ಅಪ್ಡೇಟನ್ನ ತಾಂತ್ರಿಕ ಕಾರಣಗಳೇ ಬಂದು ಮಾಡ್ಲಿ.”

ಮುಂದೆ ಆ ಮುಖ್ಯಸ್ಥರು ಇರುವಷ್ಟು ಕಾಲವೂ ದೊಡ್ಡಕ್ಕನಿಗೆ ಬಡ್ತಿ ಬರಲಿಲ್ಲ. ಅರ್ಹತೆಯಲ್ಲಿ ಅವರ ಹತ್ತಿರಕ್ಕೂ ಸುಳಿಯಲಾರದವರು ಮೇಲೇರಿದರು. ಈ ಅನ್ಯಾಯವನ್ನು ಅಭಿನಂದನೆಯ ನಡುವೆ ಬರೆಯುವುದು ಸಭ್ಯತೆಯಲ್ಲವೆಂದು ಬಲ್ಲೆವು. ಬರೆಯದಿರುವುದು ಇನ್ನೂ ಅಸಭ್ಯ. ಅವರನ್ನು ಕೇಳಿದರೆ ‘ಗುಬ್ಬಿ ಉಳಿದಳಲ್ಲ’ ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗುತ್ತಾರೆ. ಉಳಿದ ಆ ಗುಬ್ಬಿಯೇ ಇಂದು ವಿಭಾಗದ ಮುಖ್ಯಸ್ಥೆ.

ಪ್ರಸಂಗಕ್ಕೆ ಮರಳಿದರೆ, ಆ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಖ್ಯಸ್ಥರು ಎದ್ದು ನಿಂತು, ತಮ್ಮದೇ ಆದೇಶದಿಂದ ಅಪ್ಡೇಟ್ ವಿಫಲವಾಯಿತೆಂದೂ, ಎಂಜಿನಿಯರರ ಮೇಲಿನ ಆರೋಪ ಸುಳ್ಳೆಂದೂ, ತಾವು ವಿಷಾದಿಸುವುದಾಗಿಯೂ ಸೊಳ್ಳೆಯ ದನಿಯಲ್ಲಿ ಓದಿ ಕುಳಿತರು. ಹಿಂದಿನ ಸಾಲಿನಿಂದ ದೊಡ್ಡಕ್ಕ ಎದ್ದರು.

“ಕೇಳಿಸಲಿಲ್ಲ ಸರ್. ಇನ್ನೊಂದು ಸಲ.”

ಸೊಳ್ಳೆದನಿಯ ವಿಷಾದವನ್ನು ಹೀಗೆ ಕೇಳಿಸಿಕೊಳ್ಳದ ಆ ಕಿವಿಗೆ ನೂರು ವರ್ಷ ಆಯುಸ್ಸಿರಲಿ. ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಬಂದು ಹೊಸಬರಿಗೆ ಪಾಠ ಹೇಳುವುದಾಗಿ ಅವರು ಒಪ್ಪಿದ್ದಾರೆ. ಅವರ ಆರೋಗ್ಯ ಗಟ್ಟಿಯಾಗಿರಲಿ, ಸಿಟ್ಟು ಒಂದಿಷ್ಟೂ ಆರದಿರಲಿ. ಸಭೆಗಳಲ್ಲಿ ಹಿಂದಿನ ಸಾಲಿನ ಒಂದು ಕುರ್ಚಿ ಸದಾ ಅವರದಾಗಿರಲಿ, ಮುಂದಿನ ಸಾಲಿನವರು ಆಗಾಗ ತಿರುಗಿ ನೋಡುತ್ತಿರಲಿ.