ತಂಗಿಯ ಸಿಟ್ಟಿಗೆ ನಾನು ಬರೆದ ಅಂಕಿ

ನನ್ನ ತಂಗಿಯ ಸಿಟ್ಟನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಖುಷಿಪಟ್ಟೆ. ಅವಳಿಗೆ ಒಳ್ಳೆಯದಾಗುತ್ತದೆ ಎಂದಲ್ಲ. ಕೊನೆಗೂ ಅವಳ ಜುಟ್ಟು ನನ್ನ ಕೈಗೆ ಸಿಕ್ಕಿತು ಎಂದು.

ಅದಕ್ಕೆ ಎರಡು ತಿಂಗಳ ಹಿಂದೆ ಹಡಗಲಿ ಕಡೆಯವರು ನನ್ನನ್ನು ನೋಡಲು ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ನಾನು ತಂಗಿಯ ಹೊಸ ಸೀರೆಯನ್ನು ಅವಳನ್ನು ಕೇಳದೆ ಉಟ್ಟಿದ್ದೆ. ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದವಳು ಬಾಗಿಲಲ್ಲೇ ಅದನ್ನು ನೋಡಿದಳು. ಶಿರಾ, ಉಪ್ಪಿಟ್ಟು ಹಾಕಿಟ್ಟಿದ್ದ ತಟ್ಟೆಗಳನ್ನು ಅವನ್ನಿಟ್ಟಿದ್ದ ಅಗಲ ಪರಾತದ ಸಮೇತ ಎತ್ತಿ ಅಂಗಳಕ್ಕೆ ಒಗೆದಳು.

“ಮೂವತ್ತೊಂದು ಅಂತ ಹೇಳ್ಯಾರೇನ್ರಿ ನಿಮಗ? ಮೂವತ್ತೇಳು ತುಂಬ್ಯಾವ ಇಕಿಗೆ! ಸೀರಿ ನಂದು, ಸರ ನಂದು, ವಯಸ್ಸೂ ನಂದ ಹೇಳ್ಯಾಳ!”

ಬಂದವರು ನೀರು ಸಹ ಮುಟ್ಟದೆ ಎದ್ದರು. ಚಪ್ಪಲಿ ಮೆಟ್ಟುವಾಗ ಆ ಗಂಡಸು ಹಿಂತಿರುಗಿ ನೋಡಲಿಲ್ಲ. ನನಗೆ ಕಂಡದ್ದು ಅವನ ಬೆನ್ನು ಮಾತ್ರ. ತಾಸಿನ ನಂತರ ತಂಗಿ ನನ್ನ ಕಾಲು ಹಿಡಿದು ಅತ್ತಳು. ಚಿಕ್ಕಂದಿನಿಂದಲೂ ಹಾಗೆಯೇ, ಮೊದಲು ಒಗೆಯುವುದು, ಆಮೇಲೆ ಅಳುವುದು. ನಾನು ಕಾಲು ಎಳೆದುಕೊಂಡೆ.

ಚಿಕಿತ್ಸೆಗೆ ಹೋಗುತ್ತೇನೆಂದು ಹೇಳಿದವಳು ಅವಳೇ. ಅಂಗಡಿಯಲ್ಲಿ ಗಿರಾಕಿಯೊಬ್ಬರ ಮೇಲೆ ಕೂಗಾಡಿ, ಇನ್ನೊಮ್ಮೆ ಹೀಗಾದರೆ ಬರಬೇಡ ಎಂದು ಸಾಹುಕಾರರಿಂದ ಅನ್ನಿಸಿಕೊಂಡಿದ್ದಳು. ಹರಪನಹಳ್ಳಿಯ ಮನಸ್ಸಿನ ಡಾಕ್ಟರ ಬಳಿಗೆ ಹೋದೆವು. ಅವರು ಗುಳಿಗೆ ಬರೆದುಕೊಟ್ಟರು. ಅಲ್ಲಿ ಸಲಹೆ ಕೊಡುವ ಮೇಡಂ ಅವಳನ್ನು ಬಹಳ ಹೊತ್ತು ಮಾತಾಡಿಸಿದರು. ಸಿಟ್ಟು ಮೊದಲು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು, ಇಳಿದ ಮೇಲೆ ಏನನ್ನಿಸುತ್ತದೆ ಎಂದೆಲ್ಲ ಕೇಳಿದರು. ಕಿವಿ ಬಿಸಿಯಾದ ಕೂಡಲೇ ಆ ಜಾಗ ಬಿಟ್ಟು ಏಳಬೇಕು, ಮುಂಗೈಗೆ ತಣ್ಣೀರು ಬಿಟ್ಟುಕೊಳ್ಳಬೇಕು, ಉಸಿರನ್ನು ನಿಧಾನ ಹೊರಗೆ ಬಿಡಬೇಕು, ಮಾತು ಆಮೇಲೆ ಎಂದು ಕಲಿಸಿದರು. ದಿನದಿನದ ಸಿಟ್ಟನ್ನು ಅಂಕಿಯಲ್ಲಿ ಬರೆಯಲು ಎರಡು ಹಾಳೆ ಕೊಟ್ಟರು. ಒಂದನ್ನು ಅವಳೇ ತುಂಬಬೇಕು, ಇನ್ನೊಂದನ್ನು ಮನೆಯವರು ಯಾರಾದರೂ. ಅವ್ವನಿಗೆ ಓದು ಬರಹ ಬಾರದು. ನಾನು ಏಳನೇ ಇಯತ್ತೆಯವರೆಗೆ ಓದಿದವಳು.

“ನಮ್ಮಕ್ಕ ಬರೀತಾಳ್ರಿ. ಅಕ್ಷರ ಮುತ್ತಿನಂಗ ಅದಾವ,” ಎಂದಳು ತಂಗಿ.

ಒಂದು ಮಂಗಳವಾರ ನಳದ ಹತ್ತಿರ ಪಕ್ಕದ ಮನೆಯಾಕೆ ಇವಳ ಕೊಡ ಸರಿಸಿ ತನ್ನ ಕೊಡ ಇಟ್ಟಳು. ತಂಗಿಯ ಮುಖ ಕೆಂಪಾಯಿತು. ನಾನು ಬಾಗಿಲಲ್ಲಿ ನಿಂತು ಕಾದೆ. ಅವಳು ಸುಮ್ಮನೆ ಒಳಗೆ ಬಂದು, ಬಚ್ಚಲಿನಲ್ಲಿ ಮುಂಗೈಗೆ ನೀರು ಸುರಿದುಕೊಂಡು, ಗೋಡೆಗೆ ಒರಗಿ ಕೂತಳು. ಕಾಲು ತಾಸಿನಲ್ಲಿ ಎಲ್ಲ ಇಳಿಯಿತು.

“ನೋಡಿದೇನಕ್ಕಾ? ಕೊಡ ಒಗೀಲಿಲ್ಲ ನಾನು!”

“ನೋಡಿದೆ ಬಿಡು,” ಎಂದೆ. ನನ್ನ ಹಾಳೆಯಲ್ಲಿ ಬರೆದೆ: ಒಂಬತ್ತು. ಕೊಡ ಒಗೆದಳು. ಇಳಿಯಲು ಎರಡು ತಾಸು.

ಎಷ್ಟು ಹಿತವಾಯಿತು ಆ ಅಂಕಿ! ಮರುದಿನ ಎಂಟು ಬರೆದೆ, ಅದರ ಮರುದಿನ ಮತ್ತೆ ಒಂಬತ್ತು. ಇದು ಶಿರಾಕ್ಕೆ, ಇದು ಉಪ್ಪಿಟ್ಟಿಗೆ, ಇದು ನನ್ನ ವಯಸ್ಸನ್ನು ಕೇರಿಗೆಲ್ಲ ಸಾರಿದ್ದಕ್ಕೆ. ಪ್ರತಿ ಅಂಕಿ ಬರೆಯುವಾಗಲೂ ಆ ಗಂಡಸಿನ ಬೆನ್ನು ಕಣ್ಣ ಮುಂದೆ ಇರುತ್ತಿತ್ತು.

ಮುಂದಿನ ಸಲ ಹೋದಾಗ ಮೇಡಂ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಮಂಗಳವಾರಕ್ಕೆ ಅವಳು ಮೂರು ಎಂದು ಬರೆದಿದ್ದಳು.

“ಇಬ್ಬರದೂ ಬ್ಯಾರೆ ಐತಲ್ಲವ್ವಾ. ಕೊಡ ಒಗದದ್ದು ನಿನಗ ನೆನಪೈತೇನು?”

ತಂಗಿ ನನ್ನನ್ನು ನೋಡಿದಳು. ನಾನು ನನ್ನ ಬಳೆ ನೋಡಿಕೊಂಡೆ.

“ಅಕ್ಕ ಬರದದ್ದ ಖರೆ ಇರಬೇಕ್ರಿ,” ಎಂದಳು. “ಸಿಟ್ಟಿನ್ಯಾಗ ನನಗೇನೂ ತಿಳಿಯಾಂಗಿಲ್ಲ.”

“ಹೌದೇನ್ರಿ ಅಕ್ಕಾರ?” ಎಂದು ಮೇಡಂ ನನ್ನನ್ನೇ ಕೇಳಿದರು.

“ಹೌದ್ರಿ,” ಎಂದೆ.

ಸುಳ್ಳು ಬರೆದದ್ದಕ್ಕಿಂತ ಆ ಒಂದು ಮಾತು ದೊಡ್ಡ ತಪ್ಪು. ಡಾಕ್ಟರು ಗುಳಿಗೆ ಹೆಚ್ಚು ಮಾಡಿದರು. ತಂಗಿ ಅಂಗಡಿಯಲ್ಲಿ ಸೀರೆ ಮಡಚುತ್ತಲೇ ತೂಕಡಿಸತೊಡಗಿದಳು. ಸಾಹುಕಾರರು, ಆರಾಮಾದ ಮೇಲೆ ಬಾ ಎಂದು ಮನೆಗೆ ಕಳಿಸಿದರು. ಒಂದು ವಾರ ನಾನು ಹಾಡು ಗುನುಗುತ್ತ ರೊಟ್ಟಿ ಬಡಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ಅವಳು ತನ್ನ ಹಾಳೆ ಬರೆಯುವುದನ್ನೇ ಬಿಟ್ಟಳು. ದಿನಾ ಸಂಜೆ ನನ್ನನ್ನು ಕೇಳುತ್ತಿದ್ದಳು: “ಅಕ್ಕಾ, ಇವತ್ತು ನನಗ ಎಷ್ಟು ಬಂದಿತ್ತು?”

ಒಮ್ಮೆ ಹಾಗೆ ಕೇಳಿದಾಗ, ದಿನವೆಲ್ಲ ಅವಳು ಕೂತು ಶೇಂಗಾ ಸುಲಿದಿದ್ದಳು, ಅಷ್ಟೇ. ತನ್ನೊಳಗೆ ಏನಾಯಿತು ಎಂದು ತಿಳಿಯಲು ನನ್ನ ಬಾಯಿ ನೋಡುತ್ತಿದ್ದಳು. ನಾನು ಬಯಸಿದ್ದು ಅವಳ ಮಾನ ಹೋಗಲಿ ಎಂದು. ತೆಗೆದುಕೊಂಡದ್ದು ತನ್ನ ಮೇಲೆ ಅವಳಿಗಿದ್ದ ನಂಬಿಕೆಯನ್ನೇ.

ಹೇಳಲು ಇನ್ನೂ ನಾಲ್ಕು ದಿನ ಬೇಕಾಯಿತು. ಅವಳು ಬಚ್ಚಲ ಹತ್ತಿರ ಪಾತ್ರೆ ತಿಕ್ಕುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ.

“ಕೊಡ ಒಗದಿದ್ದಿಲ್ಲ ನಾನು?”

“ಇಲ್ಲ.”

“ಮೂರು ಅಂತ ಬರದದ್ದು ಖರೇನ ಇತ್ತು?”

“ಖರೇ ಇತ್ತು ತಂಗಿ.”

ಅವಳ ಕಿವಿ ಕೆಂಪಾದವು. ಕೈಯಲ್ಲಿ ಹಿತ್ತಾಳೆಯ ತಂಬಿಗೆ ಇತ್ತು. ಒಗೆಯಲಿ ಎಂದು ನಿಂತೆ. ತಲೆಗೆ ಬಿದ್ದರೆ ಲೆಕ್ಕ ಸಮವಾಗುತ್ತದೆ, ನೋವು ತಿಂದವಳು ಮತ್ತೆ ನಾನೇ ಆಗುತ್ತೇನೆ ಎಂದು ಆಗಲೂ ನನ್ನ ಮನಸ್ಸು ಎಣಿಸುತ್ತಿತ್ತು. ಅವಳು ತಂಬಿಗೆಯನ್ನು ತೊಳೆದು ಬೋರಲು ಹಾಕಿದಳು. ಸೀರೆ ಬದಲಿಸಿ, ಎರಡೂ ಹಾಳೆ ಮಡಚಿ ಚೀಲಕ್ಕಿಟ್ಟುಕೊಂಡಳು. ನಾನು ಚಪ್ಪಲಿ ಮೆಟ್ಟಲು ಹೋದಾಗ “ನೀ ಬರಬ್ಯಾಡ” ಎಂದಳು. ಒಬ್ಬಳೇ ಹರಪನಹಳ್ಳಿ ಬಸ್ಸು ಹತ್ತಿದಳು.

ಸಂಜೆ ಬಂದಾಗ ನಾನು ಒಲೆಯ ಮುಂದೆ ಇದ್ದೆ, ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ತಂಗಿ ಅವ್ವನ ಮುಖ ನೋಡುತ್ತಲೇ ಹೇಳಿದಳು:

“ಆಕಿಗೆ ಹೇಳವ್ವಾ, ಡಾಕ್ಟರು ಗುಳಿಗಿ ಕಡಿಮಿ ಮಾಡ್ಯಾರಂತ. ಹಾಳಿ ಇನ್ನ ನಾ ಒಬ್ಬಾಕಿನ ಬರೀತೀನಂತ.”