ಚಿಕ್ಕಬೈರಪ್ಪನ ಸೋಮವಾರ

ಕಬ್ಬಿಣದ ಪಟ್ಟಿಯ ಚಕ್ರಗಳು ಜಲ್ಲಿಯ ಮೇಲೆ ಕರಕರ ಎಂದರೆ ಸಾಕು, ಆಗ ತಾನೇ ಮೇಲೇಳುತ್ತಿದ್ದ ಜಯನಗರದ ಗಾರೆಯವರಿಗೆ ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪನ ಇಟ್ಟಿಗೆ ಗಾಡಿ ಬಂತೆಂದು ತಿಳಿಯುತ್ತಿತ್ತು. ಹೆಂಡತಿ ಸೊಣ್ಣಮ್ಮನನ್ನು ‘ಬಾರೇ’ ಎಂದು ಕರೆಯುವ ಈತ ಎತ್ತುಗಳಿಗೆ ‘ಬನ್ನಿ ಅಪ್ಪಾಜಿ’ ಎನ್ನುತ್ತಿದ್ದ. ಏರು ಬಂದರೆ ಇಳಿದು ನಡೆಯುತ್ತಿದ್ದ. ಅವುಗಳ ಹುರುಳಿ ಬೇಯುವವರೆಗೆ ತನ್ನ ಮುದ್ದೆ ಮುಟ್ಟುತ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನವೆಂದು ಅವುಗಳಿಗೆ ನೊಗ ಹೂಡುತ್ತಲೇ ಇರಲಿಲ್ಲ. ಕಂಟ್ರಾಕ್ಟರ್ ಕೊಟ್ರಪ್ಪನೂ ಸೋಮವಾರದ ಶಿವಪೂಜೆ ಬಿಟ್ಟವನಲ್ಲ, ಆದರೆ ಇಟ್ಟಿಗೆಯಿಲ್ಲದೆ ಗಾರೆಯವರು ಪ್ರತಿ ವಾರ ಒಂದು ದಿನ ಸುಮ್ಮನೆ ಕೂತರೆ ಮನೆಗಳು ಏಳುವುದು ಹೇಗೆ? “ಬರೋ ಸೋಮವಾರ ಇಟ್ಟಿಗೆ ಬರ್ಲಿಲ್ಲ ಅಂದ್ರೆ ಪೂರ್ತಿ ಕೆಲಸ ಲಾರಿಯವನಿಗೇ ಕೊಟ್ಬಿಡ್ತೀನಿ ಬೈರಪ್ಪ” ಎಂದುಬಿಟ್ಟ. ಆ ಸೋಮವಾರ ಇಟ್ಟಿಗೆ ಬಂತು. ಕಾಲು ಭಾಗದಷ್ಟೇ ತುಂಬಿದ ಗಾಡಿ. ನೊಗ ಚಿಕ್ಕಬೈರಪ್ಪನ ಹೆಗಲ ಮೇಲಿತ್ತು, ಹಿಂದಿನಿಂದ ಸೊಣ್ಣಮ್ಮ ತಳ್ಳುತ್ತಿದ್ದಳು. ಕೊಟ್ರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. “ತಲೆ ಕೆಟ್ಟಿದ್ಯೇನೋ ನಿಂಗೆ?” “ಸೋಮವಾರ ಎತ್ತಿಗೆ ಸಾಮಿ, ನಂಗಲ್ಲ.” “ಮೊದ್ಲು ನೊಗ ಇಳಿಸು. ಇಲ್ಕೇಳು, ಲಾರಿ ವಿಷಯ ನಾನು ಸುಮ್ನೆ...” “ಇನ್ನೂ ಮೂರು ಸರ್ತಿ ಬರ್ಬೇಕು, ಆಮೇಲೆ ಮಾತಾಡಾನ” ಎಂದವನೇ ಚಿಕ್ಕಬೈರಪ್ಪ ಇಟ್ಟಿಗೆ ಇಳಿಸಿ, ಖಾಲಿ ಗಾಡಿ ತಿರುಗಿಸಿ, ಇಟ್ಟಿಗೆ ಗೂಡಿನ ಕಡೆಗೆ ನಡೆದೇಬಿಟ್ಟ.