ಹದಿನೇಳಕ್ಕ ಹಾಕಿದ ಮೂರನೇ ತಂತಿ

ಎಂಬತ್ನಾಲ್ಕರಾಗ ಹಂಸಭಾವಿ ಟೆಲಿಫೋನ್ ಎಕ್ಸ್‌ಚೇಂಜಿನೊಳಗ ಬೀರಪ್ಪ ಅಂತ ಲೈನ್‌ಮನ್ ಇದ್ದ. ಮಾತು ಕಡಿಮಿ, ಹಟ ಜಾಸ್ತಿ. ಡಾಕ್ಟರಬಾಯಿ ಶಾಕೀರಾ ತಮ್ಮ ಹೆರಿಗಿ ದವಾಖಾನಿನ್ನ ಹೊಸ ಕಟ್ಟಡಕ್ಕ ಒಯ್ದಾಗ ಅವರ ಫೋನ್ ನಂಬರು ಹದಿನೇಳು ಹೋಗಿ ನಲವತ್ತಾರು ಬಂತು. ಆದ್ರ ಹಳ್ಳಿ ಮಂದಿ ಕೇಳಬೇಕಲ್ಲ! ಬ್ಯಾನಿ ಎದ್ದರ ಹದಿನೇಳಕ್ಕ ಹಚ್ಚಬೇಕು, ದವಾಖಾನಿ ಜೀಪು ಬರಬೇಕು, ಅವರಿಗೆ ಗೊತ್ತಿದ್ದದ್ದು ಇಷ್ಟ. ಫೋನ್ ಇದ್ದ ಮನಿ ಬಾಗಿಲಿಗೆ ಇದ್ದಲಿಲೆ ಹದಿನೇಳು ಅಂತ ಬರದಿಟ್ಟಿದ್ರು.

ಅದಕ್ಕ ಬೀರಪ್ಪ ಎರಡೂ ನಂಬರು ಒಂದ ಫೋನಿಗೆ ಜೋಡಿಸಿದ. ಯಾವುದಕ್ಕ ಹಚ್ಚಿದ್ರೂ ಗಂಟಿ ಅಲ್ಲೇ ಹೊಡೀತಿತ್ತು. ಒಂದೊಂದು ನಂಬರಿಗೆ ಮೂರು ತಂತಿ ಇರತಾವು. ಎರಡು ಮಾತಿಗೆ, ಮೂರನೇದು, ಯಾರರ ಮಾತಾಡಾಕತ್ತಿದ್ರ ಉಳದವರನ್ನ ಹೊರಗ ತಡಿಯಾಕ. ಪುಣ್ಯಾತ್ಮ ಅವಸರದಾಗ ಹದಿನೇಳರ ಆ ಮೂರನೇದನ್ನ ಮರತ. ಹಿಂಗಾಗಿ ಹದಿನೇಳಕ್ಕ ಹಚ್ಚಿದವರು ಬ್ಯಾರೇರ ಮಾತಿನ ನಡುವ ಸೀದಾ ನುಗ್ಗತಿದ್ರು. "ಯವ್ವಾ, ಜೀಪು ಕಳಸ್ರಿ!" ಅಂತ ಒದರಿದ್ರ ಮುಗೀತು, ಜೀಪು ಹೊರಡತಿತ್ತು.

ಒಂದಿನ ಡಾಕ್ಟರಬಾಯಿ ಒಬ್ಬಾಕಿಗೆ ಫೋನಿನಾಗ ಹೇಳಿದ ಗುಟ್ಟು ನಡುವ ನುಗ್ಗಿದವರ ಕಿವಿಗೆ ಬಿತ್ತು. ಊರು ತುಂಬ ಗುಸುಗುಸು ಆತು. ಆಕಿ ಗಂಡ ಆಕಿನ್ನ ತವರಿಗೆ ಅಟ್ಟಿದ. ಡಾಕ್ಟರಬಾಯಿ ಎಕ್ಸ್‌ಚೇಂಜಿಗೆ ಬಂದು, "ಹೆಣಮಕ್ಕಳ ಮಾನದ ಪ್ರಶ್ನೆ ಬೀರಪ್ಪ, ಇದನ್ನ ಬಂದ್ ಮಾಡು," ಅಂದ್ರು. ಬೀರಪ್ಪ ಅವತ್ತ ಮೂರನೇ ತಂತಿ ಬೆಸದ.

ಅವನ ಹೆಂಡ್ತಿ ಶಾರವ್ವ ಚೊಚ್ಚಲ ಹೆರಿಗಿಗೆ ಎರಡು ಹರದಾರಿ ದೂರದ ತವರಿಗೆ ಹೋಗಿದ್ಲು. ವಾರ ಕಳಿಯೂದ್ರಾಗ ಬ್ಯಾನಿ ಎದ್ದು ಕೂಸು ಅಡ್ಡ ತಿರುಗಿತು. ಅವರವ್ವ ಗುತ್ತೆವ್ವ ಓಡಿಹೋಗಿ ಅಂಗಡ್ಯಾಗಿನ ಫೋನಿನಿಂದ ಹದಿನೇಳಕ್ಕ ಹಚ್ಚಿಸಿದ್ಲು. ಆ ಹೊತ್ತಿಗೆ ದವಾಖಾನ್ಯಾಗ ಕಂಪೌಂಡರ್ ಬಸವಣ್ಣೆಪ್ಪ ಹಿರೇಕೆರೂರಿನ ಅಂಗಡಿಯವರಿಗೆ ಬೇಕಾದ ಔಷಧ ಒಂದೊಂದ ಹೇಳಾಕತ್ತಿದ್ದ. ಇತ್ತಾಗ ಬರೇ ಲೈನ್ ಬಿಜಿ ಅನ್ನೋ ಟೊಂಯ್ ಟೊಂಯ್. ನೆರೀಯವರು ಚಕ್ಕಡಿ ಹೂಡತೇವಿ ಅಂದ್ರು. ಗುತ್ತೆವ್ವ ಬಿಡಲಿಲ್ಲ.

"ತಡೀರೋ ಯಪ್ಪಾ, ನಮ್ಮ ಅಳಿಯ ಜೋಡಿಸಿದ ನಂಬರ ಐತಿ. ಒಳಗ ಯಾರ ಮಾತಾಡಾಕತ್ತಿದ್ರೂ ಹತ್ತತೈತಿ," ಅಂದ್ಲು. ಮತ್ತ ಹಚ್ಚಿಸಿದ್ಲು, ಮತ್ತ ಹಚ್ಚಿಸಿದ್ಲು.

ಕಡೀಕ ಹತ್ತಿತು. ಜೀಪೂ ಬಂತು. ಶಾರವ್ವ ಉಳದ್ಲು, ಕೂಸು ಉಳೀಲಿಲ್ಲ. ಯಾರನ್ನ ಬೈಯೂಣು ಹೇಳ್ರಿ? ಬಸವಣ್ಣೆಪ್ಪ ತನ್ನ ಕೆಲಸ ಮಾಡಾಕತ್ತಿದ್ದ, ಡಾಕ್ಟರಬಾಯಿ ಹೇಳಿದ್ದೂ ಖರೇನ ಇತ್ತು.

ಬೀರಪ್ಪ ಕೂಸಿನ್ನ ಮಣ್ಣು ಮಾಡಿ ಬಂದು ಹೆಂಡ್ತಿ ಹಾಸಿಗಿ ಹಂತ್ಯಾಕ ಕುಂತ. ಶಾರವ್ವ ಅವನ ಮಾರಿ ನೋಡಿ ಕೇಳಿದ್ಲು, "ಅವ್ವ ಅಷ್ಟು ಸಲ ಹಚ್ಚಿದ್ರೂ ಯಾಕ ಹತ್ತಲಿಲ್ರಿ?"

"ನಾನ ಒಂದು ತಂತಿ ಹಾಕಿದ್ದೆ, ಶಾರಿ."

"ತಪ್ಪು ಹಾಕಿದ್ರೇನು?"

ಹೌದು ಅಂದಿದ್ರ ಆಕಿ ಒಂದಿನ ಕ್ಷಮಿಸತಿದ್ಲು, ಅವನಿಗೂ ಸಮಾಧಾನ ಆಗತಿತ್ತು. ಸುಳ್ಳು ಹೇಳಾಕ ನಾಲಿಗಿ ಹೊರಳಲಿಲ್ಲ.

"ಇಲ್ಲ," ಅಂದ. "ಮೊದಲು ತಪ್ಪಿತ್ತು. ಸರಿ ಮಾಡಿದ್ದೆ."